ದಿನಾ ಆಡೋ ಮಾತು ಮತ್ತೆ ಭಾಷಾವಿಜ್ಞಾನ: ಪದೇ ಪದೇ ಕೇಳುವ ಪ್ರಶ್ನೆಗಳು

ಭಾಷಾವಿಜ್ಞಾನ ಓದಿದೀನಿ ಅಂದ ತಕ್ಷಣ ಬೆಂಗ್ಳೂರಲ್ಲಿ ಮದ್ವೆ ಮನೆ ಊಟದ ಸಾಲಲ್ಲಾಗ್ಲಿ, ಆಫೀಸ್ ಕ್ಯಾಂಟೀನಲ್ಲಾಗ್ಲಿ, ಆಟೋದಲ್ಲಾಗ್ಲಿ ಜನ ಕೇಳೋ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರ್ತವೆ. ಒಳ್ಳೆ ಪ್ರಶ್ನೆಗಳೇ ಅವು, ನಿಂತ ನಿಲುವಲ್ಲಿ ಎರಡು ಮಾತಲ್ಲಿ ಹೇಳಿ ಮುಗಿಸೋವಂಥವಲ್ಲ, ಅದಕ್ಕೆ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದೀನಿ.

ಭಾಷಾವಿಜ್ಞಾನ ಅಂದ್ರೆ ವ್ಯಾಕರಣ ತಾನೆ? ಹೈಸ್ಕೂಲಲ್ಲಿ ಸಂಧಿ ಸಮಾಸ ಅಂತ ಓದಿದ್ವಲ್ಲ, ಅದೇನಾ?

ಪೂರ್ತಿ ಅದೇ ಅಲ್ಲ. ಸ್ಕೂಲ್ ವ್ಯಾಕರಣ ಹೇಗೆ ಬರೀಬೇಕು ಅಂತ ಹೇಳುತ್ತೆ, ಲೋಪಸಂಧಿ ಆಗಮಸಂಧಿ ಆದೇಶಸಂಧಿ ಅಂತ ಉದಾಹರಣೆ ಬಾಯಿಪಾಠ ಮಾಡಿಸುತ್ತೆ, ಎಕ್ಸಾಮಲ್ಲಿ ಮಾರ್ಕ್ಸ್ ಬಂದ್ರೆ ಅಲ್ಲಿಗೆ ಮುಗೀತು. ಭಾಷಾವಿಜ್ಞಾನಕ್ಕೆ ಬೇಕಾಗಿರೋದು ಜನ ನಿಜವಾಗ್ಲೂ ಹೇಗೆ ಮಾತಾಡ್ತಾರೆ, ಯಾಕೆ ಹಾಗೇ ಮಾತಾಡ್ತಾರೆ, ಬೇರೆ ಥರ ಯಾಕೆ ಮಾತಾಡಲ್ಲ ಅನ್ನೋದು.

ಒಂದು ಸಣ್ಣ ವಿಷಯ ನೋಡಿ. ನಾವು ಬರೆಯೋದು ಹೋಗಬೇಕು, ಕೆಲಸ, ಹುಡುಗ, ಮದುವೆ, ಬೆಂಗಳೂರು. ಬಾಯಲ್ಲಿ ಬರೋದು ಹೋಗ್ಬೇಕು, ಕೆಲ್ಸ, ಹುಡ್ಗ, ಮದ್ವೆ, ಬೆಂಗ್ಳೂರು. ಅವಸರದಲ್ಲಿ ಅಕ್ಷರ ನುಂಗ್ತೀವಿ ಅಂತ ಎಲ್ರೂ ಅಂದ್ಕೊಂಡಿರ್ತಾರೆ, ಆದ್ರೆ ಎಲ್ಲಿ ಬೇಕೋ ಅಲ್ಲಿ ನುಂಗ್ತಿಲ್ಲ ನಾವು. ಬಿದ್ದು ಹೋಗೋದು ಪದದ ಮಧ್ಯ ಇರೋ ಹ್ರಸ್ವ ಸ್ವರ ಮಾತ್ರ. ಎಷ್ಟೇ ಅವಸರ ಇದ್ರೂ ಹುಡುಗನ್ನ 'ಹ್ಡುಗ' ಅಂತ ಯಾರೂ ಅನ್ನಲ್ಲ, ಮೊದಲನೇ ಸ್ವರ ಅಲ್ಲಾಡಲ್ಲ. 'ಸಮಾಚಾರ'ದಲ್ಲಿ 'ಮಾ' ದೀರ್ಘ, ಹಾಗಾಗಿ ಅದು 'ಸಮ್ಚಾರ' ಆಗಲ್ಲ. ಇದನ್ನ ನಮಗೆ ಯಾವ ಮೇಷ್ಟ್ರೂ ಹೇಳ್ಕೊಟ್ಟಿಲ್ಲ, ಪರೀಕ್ಷೇಲಿ ಯಾರೂ ಕೇಳೂ ಇಲ್ಲ, ಆದ್ರೂ ಎಲ್ರೂ ಪಾಲಿಸ್ತೀವಿ. ಭಾಷಾವಿಜ್ಞಾನಿಗೆ ಆಸಕ್ತಿ ಇರೋದು ಈ ಥರ ವ್ಯಾಕರಣದಲ್ಲಿ.

ಅದ್ಸರಿ, ಇದನ್ನ ಸೈನ್ಸ್ ಅಂತ ಯಾಕೆ ಕರೀತೀರಾ? ಲ್ಯಾಬ್ ಇಲ್ಲ, ಏನಿಲ್ಲ

ಲ್ಯಾಬ್ ಇದೆ, ಧ್ವನಿ ಅಳೆಯೋ ಫೊನೆಟಿಕ್ಸ್ ಲ್ಯಾಬ್ ಇರುತ್ತೆ, ಆದ್ರೆ ಸೈನ್ಸ್ ಆಗೋದು ಅದ್ರಿಂದಲ್ಲ. ಒಂದಷ್ಟು ಉದಾಹರಣೆ ನೋಡಿ ಒಂದು ನಿಯಮ ಊಹಿಸ್ಬೇಕು, ಆ ಊಹೆ ಹೊಸ ಉದಾಹರಣೇಲಿ ನಿಲ್ಲುತ್ತಾ ಬೀಳುತ್ತಾ ಅಂತ ಪರೀಕ್ಷೆ ಮಾಡ್ಬೇಕು, ಬಿದ್ರೆ ತಿದ್ದಬೇಕು. ಇದನ್ನ ಬರೀ ಕನ್ನಡ ಪದಗಳನ್ನೇ ಇಟ್ಕೊಂಡು ಮಾಡಿ ತೋರಿಸ್ಬಹುದು, ಈ ಪೇಜಲ್ಲಿ ನಂಗೆ ಅತೀ ಇಷ್ಟವಾದ ಉದಾಹರಣೆ ಇದೇ, ಅದಕ್ಕೆ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ.

ಇಂಗ್ಲಿಷಿಂದ ಬಂದ ಪದಗಳಿಗೆ ನಾವು ಕೊನೇಲಿ ಒಂದು ಉಕಾರ ಸೇರಿಸ್ತೀವಿ. ಬಸ್ಸು, ಪೆನ್ನು, ಕಪ್ಪು, ಬಿಲ್ಲು, ಮಗ್ಗು, ಗನ್ನು. ಆದ್ರೆ ಕಾರು, ಫೋನು, ಲೈಟು, ಟ್ಯೂಬು, ಸ್ಕೂಲು. ಮೊದಲನೇ ಗುಂಪಲ್ಲಿ ಕೊನೇ ವ್ಯಂಜನ ಒತ್ತಕ್ಷರ ಆಗಿದೆ, ಎರಡನೇ ಗುಂಪಲ್ಲಿ ಆಗಿಲ್ಲ. 'ಬಸು' ಅಂತ ಯಾರೂ ಅನ್ನಲ್ಲ, 'ಕಾರ್ರು' ಅಂತಾನೂ ಅನ್ನಲ್ಲ. ಯಾಕೆ? ಮೊದಲನೇ ಗುಂಪಲ್ಲಿ ಸ್ವರ ಹ್ರಸ್ವ, ಎರಡನೇದ್ರಲ್ಲಿ ದೀರ್ಘ. ಇದು ಊಹೆ. ಈಗ ಪರೀಕ್ಷೆ.

ಬ್ಯಾಗು, ಫ್ಯಾನು, ಮ್ಯಾಪು ತಗೊಳ್ಳಿ. ಇಂಗ್ಲಿಷಲ್ಲಿ ಇವುಗಳ ಸ್ವರ ಹ್ರಸ್ವ ಅಂತಾನೇ ಲೆಕ್ಕ, ನಮ್ಮ ನಿಯಮದ ಪ್ರಕಾರ 'ಬ್ಯಾಗ್ಗು' 'ಫ್ಯಾನ್ನು' ಆಗ್ಬೇಕಿತ್ತು, ಆಗಿಲ್ಲ. ಊಹೆ ಬಿತ್ತಾ? ಇಲ್ಲ, ಕನ್ನಡದ ಕಿವಿಗೆ ಆ ಸ್ವರ 'ಯಾ' ಅಂತ ದೀರ್ಘವಾಗೇ ಕೇಳ್ಸುತ್ತೆ, ನಾವು ಬರೆಯೋದೂ ಹಾಗೇನೇ. ಅಂದ್ರೆ ನಿಯಮ ಓಡ್ತಿರೋದು ಇಂಗ್ಲಿಷ್ ಉಚ್ಚಾರಣೆ ಮೇಲಲ್ಲ, ಕನ್ನಡದವರ ತಲೇಲಿರೋ ಉಚ್ಚಾರಣೆ ಮೇಲೆ. ಊಹೆ ಇನ್ನೂ ಗಟ್ಟಿ ಆಯ್ತು.

ಇದಕ್ಕಿಂತ ದೊಡ್ಡ ಪರೀಕ್ಷೆ ಹಳಗನ್ನಡದಲ್ಲಿದೆ. ಹಳಗನ್ನಡದಲ್ಲಿ ಎಷ್ಟೋ ಪದಗಳು ವ್ಯಂಜನದಲ್ಲೇ ಮುಗೀತಿದ್ವು: ಕಲ್, ಕಣ್, ಮಣ್, ಪಲ್, ಬಿಲ್. ಈಗ ಅವೆಲ್ಲ ಕಲ್ಲು, ಕಣ್ಣು, ಮಣ್ಣು, ಹಲ್ಲು, ಬಿಲ್ಲು. ಆದ್ರೆ ಕಾಲ್, ಪಾಲ್, ಮೀನ್, ಊರ್ ಇದ್ದಿದ್ದು ಕಾಲು, ಹಾಲು, ಮೀನು, ಊರು ಆಯ್ತು, ಒತ್ತು ಬರ್ಲಿಲ್ಲ. ಅದೇ ನಿಯಮ! ಬಾಣ ಬಿಡೋ ಬಿಲ್ಲಿಗೂ ಹೋಟ್ಲಲ್ಲಿ ಕೊಡೋ ಬಿಲ್ಲಿಗೂ ಸಂಬಂಧ ಏನೂ ಇಲ್ಲ, ಮಧ್ಯೆ ಎಷ್ಟೋ ಶತಮಾನ ಇದೆ, ಒಂದು ನಮ್ದೇ ಪದ, ಇನ್ನೊಂದು ಇಂಗ್ಲಿಷರ ಜೊತೆ ಬಂದಿದ್ದು, ಎರಡನ್ನೂ ಕನ್ನಡದವರ ಬಾಯಿ ಒಂದೇ ದಾರೀಲಿ ತಿದ್ದಿ ಇಟ್ಕೊಂಡಿದೆ. ಹಳಗನ್ನಡ ಒಂದಕ್ಷರ ಓದದೇ ಇರೋ ಡ್ರೈವರೂ ಕಂಡಕ್ಟರೂ ಅದೇ ನಿಯಮದಲ್ಲೇ 'ಬಸ್ಸು' ಅಂತಾರೆ.

ನಿಯಮ ತಡವರಿಸೋ ಜಾಗಾನೂ ಇದೆ. ಎರಡಕ್ಷರಕ್ಕಿಂತ ದೊಡ್ಡ ಪದ ಬಂದ್ರೆ ಡಾಕ್ಟರು, ಮೊಬೈಲು ಅಂತೀವಿ, ಹೆಸರು ಬಾಗಿಲು ಥರಾನೇ ಒತ್ತಿಲ್ಲ, ಆದ್ರೆ ಟಿಕೆಟ್ಟು, ಪಾಕೆಟ್ಟು ಅಂತಾನೂ ಅಂತೀವಿ. ಇಂಥ ಕಡೆ 'ಅಪವಾದ' ಅಂತ ಬರೆದು ಮುಂದಕ್ಕೆ ಹೋಗೋಕಾಗಲ್ಲ, ರ ಲ ಬಂದ್ರೆ ಒಂದು ಥರ ಟ ಬಂದ್ರೆ ಒಂದು ಥರ ಇದ್ಯಾ ಅಂತ ಮತ್ತೆ ಪದ ಕೂಡಿಸಿ ನೋಡ್ಬೇಕು, ನಿಜವಾದ ಕೆಲ್ಸ ಶುರು ಆಗೋದೇ ಅಲ್ಲಿಂದ.

ಮನೇಲೇ ಒಂದು ಪ್ರಯೋಗ ಮಾಡಿ ನೋಡಿ. 1958ರಲ್ಲಿ ಜೀನ್ ಬರ್ಕೊ ಅನ್ನೋ ಭಾಷಾವಿಜ್ಞಾನಿ ಮಕ್ಕಳಿಗೆ ಯಾವ ಭಾಷೇಲೂ ಇಲ್ಲದ ಪದ ಹೇಳಿ, ಒಂದು 'ವಗ್' ಇದೆ, ಈಗ ಎರಡು ಬಂದ್ವು, ಏನಂತೀರಾ ಅಂತ ಕೇಳಿದ್ರು. ಮಕ್ಕಳು ಆ ಪದಾನ ಹಿಂದೆ ಕೇಳಿರೋಕೆ ಸಾಧ್ಯಾನೇ ಇರ್ಲಿಲ್ಲ, ಆದ್ರೂ ಸರಿಯಾದ ಬಹುವಚನ ಹೇಳಿದ್ರು, ಅಂದ್ರೆ ಅವ್ರ ತಲೇಲಿ ಇದ್ದಿದ್ದು ಬರೀ ಕೇಳಿ ಬಾಯಿಪಾಠ ಮಾಡಿದ್ದಲ್ಲ, ನಿಯಮ. ನೀವೂ ನಿಮ್ಮನೆ ಮಕ್ಕಳಿಗೆ 'ಝಪ್' ಅನ್ನೋ ಒಂದು ಆಟದ ಸಾಮಾನು, 'ಝೂಪ್' ಅನ್ನೋ ಇನ್ನೊಂದು ಸಾಮಾನು ಮಾರ್ಕೆಟ್ಟಿಗೆ ಬಂದಿದೆ ಅಂತ ಹೇಳಿ, ಅದ್ರ ಬಗ್ಗೆ ಮಾತಾಡ್ಸಿ, 'ಝಪ್ಪು' 'ಝೂಪು' ಬರುತ್ತಾ ನೋಡಿ.

ಯಾರೂ ಕಲಿಸದೇ ಇರೋ ನಿಯಮ ಇಷ್ಟೇನಾ, ಇನ್ನೂ ಇದ್ಯಾ?

ಬೇಕಾದಷ್ಟಿದೆ. ಬೆಂಗ್ಳೂರಿಗೆ ಹೊಸದಾಗಿ ಬಂದು ಕನ್ನಡ ಕಲೀತಿರೋ ಗೆಳೆಯರು ಯಾರಾದ್ರೂ ಇದ್ರೆ ಅವ್ರು ಎಲ್ಲೆಲ್ಲಿ ಎಡವ್ತಾರೆ ಅಂತ ಗಮನಿಸಿ. 'ಅವರು ಡಾಕ್ಟರ್ ಇಲ್ಲ' ಅಂತಾರೆ. ನಾವು 'ಅವರು ಡಾಕ್ಟರ್ ಅಲ್ಲ' ಅಂತೀವಿ, 'ಇಲ್ಲಿ ಡಾಕ್ಟರ್ ಇಲ್ಲ' ಅಂತೀವಿ, 'ನಂಗೆ ಡಾಕ್ಟರ್ ಬೇಡ' ಅಂತೀವಿ. ಅಲ್ಲ, ಇಲ್ಲ, ಬೇಡ ಮೂರೂ ನಿರಾಕರಣೆನೇ, ಆದ್ರೆ ಒಂದ್ರ ಜಾಗದಲ್ಲಿ ಇನ್ನೊಂದು ಬರಲ್ಲ. ಯಾಕೆ ಅಂತ ಆ ಗೆಳೆಯರು ಕೇಳಿದಾಗ ಎಷ್ಟೋ ಜನ 'ಹಾಗೇ ಹೇಳೋದು ಕಣ್ರೀ' ಅಂತ ಸುಮ್ನಾಗ್ತಾರೆ. ಗೊತ್ತಿದೆ, ಆದ್ರೆ ಬಾಯಿಬಿಟ್ಟು ಹೇಳೋಕೆ ಬರಲ್ಲ, ಈಜು ಬರೋರಿಗೆ ನೀರಲ್ಲಿ ಯಾಕೆ ತೇಲ್ತೀವಿ ಅಂತ ಹೇಳೋಕೆ ಬರದೇ ಇರೋ ಹಾಗೆ. ವಸ್ತು ಇದೆಯೋ ಇಲ್ವೋ ಅನ್ನೋದಕ್ಕೆ 'ಇಲ್ಲ', ಇದು ಅದೇನಾ ಬೇರೇನಾ ಅನ್ನೋದಕ್ಕೆ 'ಅಲ್ಲ', ಅಂತ ಬಿಡಿಸಿ ಹೇಳೋದು ಭಾಷಾವಿಜ್ಞಾನದ ಕೆಲ್ಸ.

ಇನ್ನೊಂದು, ಕಾಫಿ ಗೀಫಿ. ಊಟ ಗೀಟ, ಮನೆ ಗಿನೆ, ಬಸ್ಸು ಗಿಸ್ಸು. ಪದದ ಮೊದಲ ಅಕ್ಷರ ತೆಗೆದು ಅದು ದೀರ್ಘ ಆಗಿದ್ರೆ 'ಗೀ', ಹ್ರಸ್ವ ಆಗಿದ್ರೆ 'ಗಿ' ಹಾಕ್ತೀವಿ, 'ಅದೂ ಅದ್ರ ಥರದ್ದು ಇನ್ನೇನಾದ್ರೂ' ಅನ್ನೋ ಅರ್ಥ ಬರುತ್ತೆ. ನಿನ್ನೆ ಹುಟ್ಟಿದ ಪದಕ್ಕೂ ನಡೆಯುತ್ತೆ, ರೀಲ್ಸು ಗೀಲ್ಸು. ಪದಕ್ಕೆ ಮಾತ್ರ ಅಲ್ಲ, ಇಡೀ ಮಾತಿಗೂ ಹಾಕ್ತೀವಿ: 'ಬಾಡಿಗೆ ಕಟ್ದೆ ಗೀಡಿಗೆ ಕಟ್ದೆ ಅಂತ ನಂಗೆ ಹೇಳ್ಬೇಡ.' ಇದ್ರ ಮೇಲೆ ಬೇರೆ ದೇಶದ ವಿದ್ವಾಂಸರು ಗಂಭೀರವಾದ ಪ್ರಬಂಧ ಬರೆದಿದಾರೆ, ಒಂದು ಪದ ತಲೇಲಿ ಹೇಗೆ ತಯಾರಾಗುತ್ತೆ ಅನ್ನೋ ಪ್ರಶ್ನೆಗೆ ಇದು ತುಂಬ ಒಳ್ಳೆ ಸಾಕ್ಷಿ ಅಂತ. ಚಿಕ್ಕಪೇಟೇಲಿ ಸೀರೆ ಗೀರೆ ತಗೋಬೇಕು ಅಂತ ಓಡಾಡೋ ಅತ್ತೆ ಚಿಕ್ಕಮ್ಮಂದಿರ ಮಾತು ಆ ಮಟ್ಟದ ಸಾಕ್ಷಿ ಅನ್ನೋದು ನಂಗೆ ಹೆಮ್ಮೆ ವಿಷಯ.

'ಆಲು' 'ಅಬ್ಬ' ಅನ್ನೋದು ತಪ್ಪಲ್ವಾ? ಹಾಲು, ಹಬ್ಬ ಅಂತ ನೆಟ್ಟಗೆ ಹೇಳೋಕೆ ಏನ್ ಕಷ್ಟ?

ಈ ಪ್ರಶ್ನೆ ಕೇಳೋರ ದನೀಲಿ ಸಾಮಾನ್ಯವಾಗಿ ಸ್ವಲ್ಪ ತಾತ್ಸಾರ ಇರುತ್ತೆ, ಅದಕ್ಕೆ ಇದಕ್ಕೆ ಉದ್ದ ಉತ್ತರ.

ಪಂಪ 941ರ ಹೊತ್ತಲ್ಲಿ ಕಾವ್ಯ ಬರೆದಾಗ ಹಾಲು ಅಂತ ಇರ್ಲಿಲ್ಲ, 'ಪಾಲ್' ಇತ್ತು. ಹೆಸರು 'ಪೆಸರ್', ಹುಲಿ 'ಪುಲಿ', ಹಲ್ಲು 'ಪಲ್'. ತಮಿಳಲ್ಲಿ ಇವತ್ತಿಗೂ ಪಾಲ್, ಪುಲಿ, ತೆಲುಗಲ್ಲಿ ಪಾಲು, ಪುಲಿ. ಕನ್ನಡದಲ್ಲಿ ಮಾತ್ರ ಸುಮಾರು 10ನೇ ಶತಮಾನದಿಂದ ಶುರುವಾಗಿ ಮುಂದಿನ ಮೂರ್ನಾಲ್ಕು ಶತಮಾನದಲ್ಲಿ ಪದದ ಮೊದಲಿನ ಪಕಾರ ಹಕಾರ ಆಗ್ತಾ ಬಂತು, ಶಾಸನಗಳಲ್ಲಿ ಈ ಬದಲಾವಣೆ ಕಣ್ಣಿಗೆ ಕಾಣೋ ಹಾಗೆ ಉಳ್ಕೊಂಡಿದೆ, 15ನೇ ಶತಮಾನದ ಕುಮಾರವ್ಯಾಸನ ಹೊತ್ತಿಗೆ ಹಕಾರ ಊರಿಗೆಲ್ಲ ಒಪ್ಪಿಗೆ. ಅಂದ್ರೆ 'ಪಾಲ್' ಅನ್ನೋರ ಕಿವಿಗೆ ಒಂದು ಕಾಲದಲ್ಲಿ 'ಹಾಲು' ಅನ್ನೋದೇ ಒರಟಾಗಿ ಕೇಳಿರ್ಬೇಕು.

ಪ ಹೋಗಿ ಹ, ಹ ಹೋಗಿ ಏನೂ ಇಲ್ಲ, ಇದು ಕನ್ನಡಕ್ಕೆ ಮಾತ್ರ ಬಂದ ರೋಗ ಅಲ್ಲ. ಜಪಾನೀಸ್ ಭಾಷೇಲಿ ಹಳೇ ಪಕಾರ ಹಕಾರ ಆಗಿದೆ. ಸ್ಪ್ಯಾನಿಷಲ್ಲಿ ಲ್ಯಾಟಿನ್ನಿನ ಫಕಾರ ಮೊದಲು ಹಕಾರ ಆಯ್ತು, ಆಮೇಲೆ ಅದೂ ಬಿದ್ದೋಯ್ತು, ಬರೆಯೋವಾಗ ಅಕ್ಷರ ಇದೆ, ಓದೋವಾಗ ಇಲ್ಲ. ತುಟಿ ಮುಚ್ಚೋದು ಸಡಿಲ ಆದ್ರೆ ಬರೀ ಉಸಿರು ಉಳಿಯುತ್ತೆ, ಆ ಉಸಿರೂ ಹಗುರ ಆದ್ರೆ ಸ್ವರ ಮಾತ್ರ ಉಳಿಯುತ್ತೆ. ಪಾಲು, ಹಾಲು, ಆಲು. ಮಂಡ್ಯ, ಮೈಸೂರು, ಬೆಂಗ್ಳೂರು ಸುತ್ತಮುತ್ತಲ ಹಳ್ಳಿ ಕಡೆ 'ಆಲು' ಅನ್ನೋರು ಆ ದಾರೀಲಿ ಒಂದು ಹೆಜ್ಜೆ ಮುಂದೆ ಇದಾರೆ ಅಷ್ಟೇ, ನಾಲಿಗೆ ಸೋಮಾರಿ ಆಗಿರೋದಲ್ಲ.

ಅವ್ರನ್ನ ನೋಡಿ ನಗೋದ್ರಿಂದ ಆಗೋ ಒಂದು ಪರಿಣಾಮ ಮಾತ್ರ ನಿಜವಾಗ್ಲೂ ಬೇಜಾರು ತರಿಸುತ್ತೆ. ಹ ಬಿಡ್ತೀಯ ಬಿಡ್ತೀಯ ಅಂತ ಕ್ಲಾಸಲ್ಲಿ ಬೈಸ್ಕೊಂಡ ಮಗು ಭಯಕ್ಕೆ ಇಲ್ಲದ ಕಡೆಗೂ ಹ ಹಾಕೋಕೆ ಶುರು ಮಾಡುತ್ತೆ, ಅಕ್ಕಿಗೆ 'ಹಕ್ಕಿ', ಆನೆಗೆ 'ಹಾನೆ'. ಆಮೇಲೆ ಅದಕ್ಕೂ ನಗ್ತಾರೆ. ಮಗು ಕೊನೆಗೆ ಬಾಯೇ ಬಿಡಲ್ಲ. ಇದನ್ನ ಅತಿತಿದ್ದುವಿಕೆ ಅಂತ ಅನ್ನಬಹುದು, ಪ್ರಪಂಚದ ಎಲ್ಲ ಕಡೆ ನಡೆಯುತ್ತೆ, ಮೇಲಿನವರು ಯಾರು ಕೆಳಗಿನವರು ಯಾರು ಅನ್ನೋ ಲೆಕ್ಕ ಎಲ್ಲಿ ಜೋರಾಗಿದೆಯೋ ಅಲ್ಲಿ ಇದೂ ಜೋರು.

ಹಾಗಾದ್ರೆ ತಪ್ಪು ಅನ್ನೋದೇ ಇಲ್ವಾ? ಯಾರು ಹೇಗಾದ್ರೂ ಬರೀಬಹುದಾ?

ತಪ್ಪು ಇದೆ. ಕೋರ್ಟ್ ಕಾಗದ, ಪಠ್ಯಪುಸ್ತಕ, ಔಷಧಿ ಪ್ಯಾಕೆಟ್ ಮೇಲಿನ ಸೂಚನೆ, ಇವೆಲ್ಲ ಬೀದರಿಂದ ಚಾಮರಾಜನಗರದವರೆಗೂ ಒಂದೇ ಥರ ಅರ್ಥ ಆಗ್ಬೇಕು, ಅದಕ್ಕೆ ಒಪ್ಪಿತ ಬರವಣಿಗೆ ಬೇಕೇ ಬೇಕು, ಮಕ್ಕಳಿಗೆ ಅದನ್ನ ಚೆನ್ನಾಗಿ ಕಲಿಸ್ಬೇಕು. ನಾನು ಹೇಳ್ತಿರೋದು ಇಷ್ಟೇ, ಮನೆ ಮಾತು ತಪ್ಪು ಅಂತ ಹೇಳದೇನೇ ಬರವಣಿಗೆ ಕಲಿಸೋಕಾಗುತ್ತೆ. 'ಮನೇಲಿ ಆಲು ಅಂತೀವಿ, ಬರೆಯೋವಾಗ ಹಾಲು ಅಂತ ಬರೀತೀವಿ' ಅಂದ್ರೆ ಮಗೂಗೆ ಅರ್ಥ ಆಗುತ್ತೆ, ಅವಮಾನಾನೂ ಆಗಲ್ಲ.

ಯಾವ ಊರಿನ ಕನ್ನಡ ಶುದ್ಧ? ಮೈಸೂರಾ, ಧಾರವಾಡಾನಾ? ಬೆಂಗ್ಳೂರಂತೂ ಅಲ್ಲ ಅನ್ಸುತ್ತೆ

ಸುಮಾರು 850ರಲ್ಲಿ ಬರೆದ ಕವಿರಾಜಮಾರ್ಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ ಈ ನಾಲ್ಕು ಊರುಗಳ ನಡುವಿನ ಕನ್ನಡಾನೇ ತಿರುಳ್ಗನ್ನಡ ಅಂತ ಹೇಳುತ್ತೆ. ಇವತ್ತಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ ಎಲ್ಲ ಆ ಕಡೆ. ಮೈಸೂರೂ ಇಲ್ಲ, ಬೆಂಗ್ಳೂರೂ ಇಲ್ಲ. ಆಗ ರಾಷ್ಟ್ರಕೂಟರ ಕಾಲ, ಅಧಿಕಾರ ಆ ಸೀಮೇಲಿ ಇತ್ತು, ಆಮೇಲೆ ಅಧಿಕಾರ, ಅಚ್ಚುಕೂಟ, ಯೂನಿವರ್ಸಿಟಿ, ರೇಡಿಯೋ ಎಲ್ಲ ಈ ಕಡೆ ಜಾಸ್ತಿ ಬಂತು, 'ಒಳ್ಳೆ ಕನ್ನಡ'ದ ಪಟ್ಟಾನೂ ಈ ಕಡೆ ಬಂತು. ಶುದ್ಧ ಅನ್ನೋದು ಭಾಷೆಯೊಳಗಿನ ಗುಣ ಅಲ್ಲ, ಯಾರ ಮಾತಿಗೆ ಬೆಲೆ ಸಿಕ್ತು ಅನ್ನೋದ್ರ ಲೆಕ್ಕ.

ಅದೇ ಕವಿರಾಜಮಾರ್ಗ ಕನ್ನಡಗಳು ಅಂತ ಬಹುವಚನದಲ್ಲಿ ಹೇಳಿ, ದೇಸಿ ಬೇರೆ ಬೇರೆ ಆಗಿರೋದ್ರಿಂದ ಅದನ್ನೆಲ್ಲ ತಿಳ್ಕೊಳಕ್ಕೆ ಹೋದ್ರೆ ವಾಸುಕಿಗೂ ಬೇಸರ ಬರುತ್ತೆ ಅಂತ ಬರೆದಿದೆ. ಸಾವಿರದ ನೂರೈವತ್ತು ವರ್ಷದ ಹಿಂದೆ! ಹೋಗ್ತೀನಿ, ಹೋಗ್ತೇನೆ, ಹೊಕ್ಕೇನಿ ಅಂತ ಇವತ್ತು ನಾವು ಜಗಳ ಆಡೋದು ಹೊಸದೇನಲ್ಲ.

ಆಡುಮಾತಿನ ಕನ್ನಡಾನ ಕೀಳು ಅಂತ ನೋಡೋರು ಇದನ್ನೂ ಗಮನಿಸ್ಬೇಕು, ಆಡುಮಾತಿನ ಕನ್ನಡದ ಬಗ್ಗೆ ಆಧುನಿಕ ಭಾಷಾವಿಜ್ಞಾನದ ರೀತೀಲಿ ಬಂದ ಮೊದಮೊದಲ ವಿವರಣೆಗಳಲ್ಲಿ ಒಂದು ಅಮೆರಿಕದ ವಿಲಿಯಂ ಬ್ರೈಟ್ 1958ರಲ್ಲಿ ಪ್ರಕಟಿಸಿದ್ದು. ಆಮೇಲೆ ಅವ್ರು ಬೇರೆ ಬೇರೆ ಜಾತಿಯವರ ಕನ್ನಡ ಎಲ್ಲೆಲ್ಲಿ ಬೇರೆ ಆಗುತ್ತೆ, ಬದಲಾವಣೆ ಯಾರ ಮಾತಲ್ಲಿ ಯಾವ ಥರ ಬರುತ್ತೆ ಅಂತಾನೂ ಹೋಲಿಸಿ ಬರೆದ್ರು. ಕವಿ ಎ. ಕೆ. ರಾಮಾನುಜನ್ ಅವರ ಪಿಎಚ್‌ಡಿ ಕೂಡ ಕನ್ನಡದ ವ್ಯಾಕರಣದ ಮೇಲೇನೇ, ಇಂಡಿಯಾನಾ ಯೂನಿವರ್ಸಿಟೀಲಿ, 1963.

ನಿಘಂಟಲ್ಲಿ ಇಲ್ಲದೇ ಇರೋ ಪದ ಪದಾನೇ ಅಲ್ಲ ಅಲ್ವಾ?

ಮೊದಲು ಜನ ಆಡ್ತಾರೆ, ಆಮೇಲೆ ನಿಘಂಟು ಬರ್ಕೊಳುತ್ತೆ. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು ತಂದ 8 ಸಂಪುಟದ ನಿಘಂಟನ್ನ ಒಂದ್ಸಲ ತೆಗೆದು ನೋಡಿ, ಒಂದೊಂದು ಪದದ ಕೆಳಗೂ ಯಾವ ಶಾಸನದಲ್ಲಿ, ಯಾವ ಕಾವ್ಯದಲ್ಲಿ ಬಂದಿದೆ ಅಂತ ಪ್ರಯೋಗ ಕೊಟ್ಟಿದಾರೆ, ಅಂದ್ರೆ ಬಳಕೆನೇ ಆಧಾರ. ಆ ಕೆಲಸದಲ್ಲಿ ದುಡಿದ ಜಿ. ವೆಂಕಟಸುಬ್ಬಯ್ಯನವರು (1913–2021) ಪತ್ರಿಕೇಲಿ ವರ್ಷಗಟ್ಟಲೆ ಓದುಗರು ಕೇಳಿದ ಪದಗಳಿಗೆಲ್ಲ ತಾಳ್ಮೆಯಿಂದ ಉತ್ತರ ಬರೆದ್ರು.

ಕನ್ನಡ ಸಂಸ್ಕೃತದಿಂದ ಹುಟ್ಟಿದ್ದಾ, ತಮಿಳಿಂದ ಹುಟ್ಟಿದ್ದಾ?

ಎರಡೂ ಅಲ್ಲ. ಸಂಸ್ಕೃತದಿಂದ ಪದ ತುಂಬ ತಗೊಂಡಿದೀವಿ, ಅದು ಸಾಲ, ಹುಟ್ಟು ಅಲ್ಲ. ಒಂದು ಎರಡು ಮೂರು, ನಾನು ನೀನು, ಕಣ್ಣು ಕಿವಿ, ಬಾ ಹೋಗು, ಇಂಥ ಬುಡದ ಪದಗಳು, ವಿಭಕ್ತಿ ಪ್ರತ್ಯಯಗಳು ತಮಿಳು ತೆಲುಗು ತುಳು ಜೊತೆ ಹೊಂದ್ತವೆ, ಸಂಸ್ಕೃತದ ಜೊತೆ ಅಲ್ಲ. ಇವು ಬೇರೆ ಒಂದು ಕುಟುಂಬ (ಈಗ ದ್ರಾವಿಡ ಅಂತೀವಿ) ಅಂತ 1816ರಲ್ಲಿ ಮದ್ರಾಸಲ್ಲಿ ಎಲ್ಲಿಸ್ ಅನ್ನೋ ಬ್ರಿಟಿಷ್ ಅಧಿಕಾರಿ ತೋರಿಸಿದ್ರು, 1856ರಲ್ಲಿ ಕಾಲ್ಡ್‌ವೆಲ್ ಅನ್ನೋ ಪಾದ್ರಿ ದೊಡ್ಡದಾಗಿ ಬರೆದ್ರು. ಪಾಕಿಸ್ತಾನದ ಬಲೂಚಿಸ್ತಾನದಲ್ಲಿ ಆಡೋ ಬ್ರಾಹುಯಿ ಕೂಡ ಇದೇ ಕುಟುಂಬ.

ತಮಿಳಿಂದ ಬಂತಾ ಅನ್ನೋದಕ್ಕೆ ಜೋರು ದನಿಗಿಂತ ಎರಡು ಪದ ಸಾಕು. ನಮ್ಮ ಕಿವಿ ತಮಿಳಲ್ಲಿ 'ಚೆವಿ', ನಮ್ಮ ಕೇರಿ ಅಲ್ಲಿ 'ಚೇರಿ', ನಮ್ಮ ಕೆರೆ ತೆಲುಗಲ್ಲಿ 'ಚೆರುವು'. ಎ, ಇ ಥರದ ಸ್ವರದ ಮುಂದೆ ಕಕಾರ ಚಕಾರ ಆಗೋದು ಲೋಕದ ಎಷ್ಟೋ ಭಾಷೇಲಿ ನಡೆದಿದೆ, ಚಕಾರ ವಾಪಸ್ ಕಕಾರ ಆಗೋದು ಹಾಗೆ ಕಾಣ್ಸಲ್ಲ. ಅಂದ್ರೆ ಇಲ್ಲಿ ಹಳೇ ರೂಪ ಉಳಿಸ್ಕೊಂಡಿರೋದು ಕನ್ನಡ. ಪಾಲು ಹಾಲು ವಿಷಯದಲ್ಲಿ ಹಳೇದನ್ನ ಉಳಿಸ್ಕೊಂಡಿರೋದು ತಮಿಳು. ಒಬ್ಬರು ಒಂದು ಉಳಿಸ್ಕೊಂಡು ಇನ್ನೊಬ್ಬರು ಇನ್ನೊಂದು ಉಳಿಸ್ಕೊಂಡಿದ್ರೆ ಅದು ತಾಯಿ ಮಗಳ ಸಂಬಂಧ ಅಲ್ಲ, ಒಡಹುಟ್ಟಿದವರ ಸಂಬಂಧ. ಈ ವಿಷಯ ರಾಜಕೀಯದಲ್ಲಿ ಎಷ್ಟೇ ಕಾವೇರಿದ್ರೂ ಆ ಕಕಾರ ಚಕಾರದ ಸಾಕ್ಷಿ ಅಲ್ಲಾಡಲ್ಲ.

ತುಳು ಭಾಷೇನಾ, ಉಪಭಾಷೇನಾ?

ಭಾಷೆ. ಕುಟುಂಬದಲ್ಲಿ ಅದ್ರ ಕವಲೇ ಬೇರೆ. ಲಿಪಿ ಬಳಕೆ ಎಷ್ಟಿದೆ, ಸರ್ಕಾರದ ಪಟ್ಟೀಲಿ ಹೆಸರಿದ್ಯಾ ಅನ್ನೋದ್ರ ಮೇಲೆ ಭಾಷಾವಿಜ್ಞಾನ ಇದನ್ನ ತೀರ್ಮಾನ ಮಾಡಲ್ಲ. 2011ರ ಜನಗಣತೀಲಿ 18 ಲಕ್ಷಕ್ಕೂ ಹೆಚ್ಚು ಜನ ತುಳು ತಮ್ಮ ಮಾತೃಭಾಷೆ ಅಂತ ಬರೆಸಿದಾರೆ, ಕನ್ನಡ ಅಂತ ಬರೆಸಿದವರು ಸುಮಾರು 4.37 ಕೋಟಿ. ಸಂಖ್ಯೆ ಚಿಕ್ಕದು ಅಂದ ಮಾತ್ರಕ್ಕೆ ಉಪಭಾಷೆ ಆಗಲ್ಲ.

ಬೆಂಗ್ಳೂರು ಕನ್ನಡದಲ್ಲಿ ಅರ್ಧ ಇಂಗ್ಲಿಷೇ ಇದೆ, ಕನ್ನಡ ಹಾಳಾಗ್ತಿಲ್ವಾ?

ಇಲ್ಲಿ ಎರಡು ವಿಷಯ ಕಲಸಿ ಹೋಗಿದೆ. ಮೊದಲನೇದು ಪದ. 'ಮೀಟಿಂಗ್ ಪೋಸ್ಟ್‌ಪೋನ್ ಆಯ್ತು, ಬಾಸ್ ಪೋಸ್ಟ್‌ಪೋನ್ ಮಾಡಿದ್ರು.' ಪದ ಇಂಗ್ಲಿಷ್, ಆದ್ರೆ ತಾನಾಗೇ ಆದ್ರೆ 'ಆಗು', ಯಾರೋ ಮಾಡಿದ್ರೆ 'ಮಾಡು', ಈ ವ್ಯತ್ಯಾಸ ಇಂಗ್ಲಿಷಿಂದಲ್ಲ. 'ಆರಂಭ ಆಯ್ತು, ಆರಂಭ ಮಾಡಿದ್ರು' ಅಂತ ಸಂಸ್ಕೃತದ ಪದಾನ ಕೂರಿಸ್ಕೊಂಡಿದ್ದೂ ಇದೇ ಜಾಗದಲ್ಲಿ. ಫ್ರಿಡ್ಜಲ್ಲಿ, ಮೆಟ್ರೋಗೆ, ಆಫೀಸಿಂದ, ವಿಭಕ್ತಿ ಎಲ್ಲ ಕನ್ನಡದ್ದೇ. ಕ್ರಿಯಾಪದ ಕೊನೇಲೇ. ಹೊರಗಿನ ಪದ ಎಷ್ಟು ಬಂದ್ರೂ ವಾಕ್ಯದ ಕಟ್ಟು ಕನ್ನಡ ಆಗಿರೋವರೆಗೂ ಅದು ಕನ್ನಡಾನೇ, ಕೆ.ಆರ್. ಮಾರ್ಕೆಟ್ಟಲ್ಲಿ ಹೂವಿನ ವ್ಯಾಪಾರ ಮಾಡೋರು ಒಂದೇ ಉಸಿರಲ್ಲಿ ಕನ್ನಡ, ತಮಿಳು, ತೆಲುಗು, ದಖನಿ ಉರ್ದು ಬದಲಾಯಿಸ್ತಾ ಮಾತಾಡೋದನ್ನ ಕೇಳಿದ್ರೆ ಇದು ಕೆಟ್ಟ ಅಭ್ಯಾಸ ಅಲ್ಲ, ದೊಡ್ಡ ಕೌಶಲ ಅಂತ ಗೊತ್ತಾಗುತ್ತೆ.

ಎರಡನೇದು, ನಂಗೆ ನಿಜವಾಗ್ಲೂ ಚಿಂತೆ ಇರೋದು, ಕನ್ನಡ ಎಲ್ಲೆಲ್ಲಿ ಬಳಸ್ತಿಲ್ಲ ಅನ್ನೋದು. ಭಾಷೆಗಳು ಎರವಲು ಪದದಿಂದ ಸತ್ತಿಲ್ಲ, ಅಪ್ಪ ಅಮ್ಮ ಮಕ್ಕಳ ಜೊತೆ ಆ ಭಾಷೆ ಆಡೋದು ನಿಲ್ಲಿಸಿದ್ರಿಂದ ಸತ್ತಿವೆ. 'ಅನ್ನ' ಅನ್ನೋ ಬದಲು 'ರೈಸ್' ಅಂದ್ರೆ ಕನ್ನಡಕ್ಕೆ ಆಗೋ ನಷ್ಟ ಸಣ್ಣದು. ಅಪಾರ್ಟ್‌ಮೆಂಟಲ್ಲಿ ಅಪ್ಪ ಅಮ್ಮ ಇಬ್ರೂ ಕನ್ನಡದವರಾಗಿದ್ದು ಮಗು ಜೊತೆ ಮಾತ್ರ ಇಂಗ್ಲಿಷಲ್ಲೇ ಮಾತಾಡಿದ್ರೆ ಆಗೋ ನಷ್ಟ ದೊಡ್ಡದು. ಸಿಟ್ಟು ಮಾಡ್ಕೊಳ್ಳೋದೇ ಆದ್ರೆ ಎರಡನೇದ್ರ ಮೇಲೆ ಮಾಡ್ಕೊಳ್ಳಿ.

ಮನೇಲಿ ಒಂದು, ಸ್ಕೂಲಲ್ಲಿ ಒಂದು, ಆಟಕ್ಕೆ ಹೋದ್ರೆ ಇನ್ನೊಂದು ಭಾಷೆ, ಮಗೂಗೆ ಕನ್ಫ್ಯೂಸ್ ಆಗಲ್ವಾ?

ಆಗಲ್ಲ. ಎರಡು ವರ್ಷದ ಮಗು ಎರಡು ಭಾಷೆ ಬೆರೆಸಿ ಮಾತಾಡೋದು ಕನ್ಫ್ಯೂಶನ್ ಅಲ್ಲ, ದೊಡ್ಡವರೂ ಬೆರೆಸೇ ಮಾತಾಡ್ತೀವಲ್ಲ. ಮಾತು ತೀರಾ ತಡ ಆಗ್ತಿದೆ ಅನ್ಸಿದ್ರೆ ಕಿವಿ ಪರೀಕ್ಷೆ ಮಾಡ್ಸಿ, ವಾಕ್ ತಜ್ಞರಿಗೆ ತೋರ್ಸಿ, ಮನೆ ಭಾಷೆ ನಿಲ್ಲಿಸೋದು ಅದಕ್ಕೆ ಪರಿಹಾರ ಅಲ್ಲ.

ವಯಸ್ಸಾದವರ ಬಗ್ಗೆ ನಮ್ಮ ಪಕ್ಕದಲ್ಲೇ ನಡೆದ ಒಂದು ಅಧ್ಯಯನ ಇದೆ. ಸುವರ್ಣ ಅಲ್ಲಾಡಿ ಮತ್ತೆ ಅವ್ರ ಜೊತೆಯವರು ಹೈದರಾಬಾದಲ್ಲಿ 648 ಜನ ಮರೆವಿನ ಕಾಯಿಲೆಯವರ ವಿವರ ನೋಡಿ 2013ರಲ್ಲಿ ಪ್ರಕಟಿಸಿದ್ರು: ಒಂದಕ್ಕಿಂತ ಹೆಚ್ಚು ಭಾಷೆ ಆಡೋರಿಗೆ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು, ಓದು ಬರಹ ಇಲ್ಲದವರಲ್ಲೂ ಈ ವ್ಯತ್ಯಾಸ ಇತ್ತು. ಈ ಥರ ಎಲ್ಲ ಅಧ್ಯಯನಗಳೂ ಇದೇ ಉತ್ತರ ಕೊಟ್ಟಿಲ್ಲ, ಚರ್ಚೆ ನಡೀತಾನೇ ಇದೆ, ಆದ್ರೆ ಜಾಸ್ತಿ ಭಾಷೆ ಬಂದ್ರೆ ತಲೆಗೆ ಭಾರ ಅನ್ನೋ ಭಯಕ್ಕಂತೂ ಆಧಾರ ಇಲ್ಲ.

ಮಕ್ಕಳು ಕನ್ನಡ ಕಲಿಯೋದ್ರ ಬಗ್ಗೆನೇ ಒಂದು ಹೆಸರಾದ ಪ್ರಯೋಗ ಇದೆ. ಕನ್ನಡದಲ್ಲಿ 'ಏರು' ಅಂದ್ರೆ ತಾನೇ ಏರೋದು, 'ಏರಿಸು' ಅಂದ್ರೆ ಬೇರೆಯವರನ್ನ ಏರೋ ಹಾಗೆ ಮಾಡೋದು, ಆ 'ಇಸು' ಬಂತು ಅಂದ್ರೆ ಯಾರೋ ಮಾಡಿಸ್ತಿದಾರೆ ಅಂತ ಗ್ಯಾರಂಟಿ. ಜೆಫ್ರಿ ಲಿಡ್ಜ್ ಮತ್ತೆ ಅವ್ರ ಜೊತೆಯವರು ಕನ್ನಡ ಆಡೋ ಮೂರು ವರ್ಷದ ಮಕ್ಕಳಿಗೆ ಆಟಿಕೆ ಕೊಟ್ಟು, ವಾಕ್ಯ ಹೇಳಿ, ಆಡಿ ತೋರ್ಸಿ ಅಂದ್ರು. ದೊಡ್ಡವರು 'ಇಸು' ಇದ್ಯಾ ಅಂತ ನೋಡಿ ಅರ್ಥ ಮಾಡ್ಕೊಂಡ್ರು, ಮಕ್ಕಳು ಮಾತ್ರ ವಾಕ್ಯದಲ್ಲಿ ಎಷ್ಟು ನಾಮಪದ ಇದೆ ಅಂತ ಎಣಿಸಿ ಅರ್ಥ ಮಾಡ್ಕೊಂಡ್ರು. 2003ರಲ್ಲಿ ಬಂದ ಈ ಪ್ರಬಂಧ ಮಕ್ಕಳು ಹುಟ್ಟುತ್ತಲೇ ಭಾಷೆ ಬಗ್ಗೆ ಏನಾದ್ರೂ ನಿರೀಕ್ಷೆ ಹೊತ್ಕೊಂಡೇ ಬರ್ತಾರಾ ಅನ್ನೋ ಚರ್ಚೇಲಿ ಇವತ್ತಿಗೂ ಬರುತ್ತೆ. ಮನುಷ್ಯರ ಬಗ್ಗೆ ಅಷ್ಟು ದೊಡ್ಡ ಪ್ರಶ್ನೆಗೆ ಕನ್ನಡದ ಪುಟ್ಟ ಮಕ್ಕಳ ಆಟ ಸಾಕ್ಷಿ.

ನಿಮಗೆ ಎಷ್ಟು ಭಾಷೆ ಬರುತ್ತೆ?

ಭಾಷಾವಿಜ್ಞಾನಿ ಆಗೋಕೆ ತುಂಬ ಭಾಷೆ ಬರ್ಬೇಕು ಅಂತೇನಿಲ್ಲ. ಒಂದು ಭಾಷೇನ ಆಳವಾಗಿ ನೋಡೋಕೆ ಬಂದ್ರೂ ಸಾಕು.

ಇದೆಲ್ಲ ಓದಿದ್ರೆ ಉಪಯೋಗ ಏನು?

ಲಕ್ವ ಹೊಡೆದು ಮಾತು ಹೋದವರನ್ನ ನೋಡಿರ್ತೀರಿ. ಏನು ಹೋಗಿದೆ, ಏನು ಉಳಿದಿದೆ, ಪದ ಮರೆತಿದಾರಾ ಪ್ರತ್ಯಯ ಕೂಡಿಸೋಕೆ ಆಗ್ತಿಲ್ವಾ ಅಂತ ಪರೀಕ್ಷೆ ಮಾಡ್ಬೇಕು. ಇಂಗ್ಲಿಷಿನ ಪರೀಕ್ಷೇನ ಅನುವಾದ ಮಾಡಿದ್ರೆ ನಡೆಯಲ್ಲ, ಕನ್ನಡದ ಕ್ರಿಯಾಪದದಲ್ಲಿ ಕಾಲ, ಲಿಂಗ, ವಚನ ಎಲ್ಲ ಒಂದ್ರ ಬೆನ್ನಿಗೆ ಒಂದು ಅಂಟ್ಕೊಂಡಿರುತ್ತೆ, 'ಬಂದ್ಲು' ಅನ್ನೋ ಒಂದು ಪದದಲ್ಲಿ ಇಡೀ ವಾಕ್ಯದಷ್ಟು ಮಾಹಿತಿ ಇದೆ. ಕನ್ನಡ ಹೇಗೆ ಕಟ್ಟಿದೆ ಅಂತ ಗೊತ್ತಿದ್ರೇನೇ ಕನ್ನಡದ ರೋಗಿಗೆ ಸರಿಯಾದ ಪರೀಕ್ಷೆ ತಯಾರಾಗೋದು. ಬೆಂಗ್ಳೂರಿನ ನಿಮ್ಹಾನ್ಸ್, 1965ರಲ್ಲಿ ಶುರುವಾದ ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಇಂಥ ಕಡೆ ಈ ಜ್ಞಾನ ದಿನಾ ಬೇಕಾಗುತ್ತೆ.

ಫೋನಿಗೆ ಕನ್ನಡದಲ್ಲಿ ಮಾತಾಡಿ ಟೈಪ್ ಮಾಡಿಸೋದೂ ಇದ್ರದ್ದೇ ವಿಷಯ. ಬರೀ ನ್ಯೂಸ್ ಓದೋರ ಕನ್ನಡ ಕೇಳಿಸಿ ಕಲಿಸಿದ ಯಂತ್ರಕ್ಕೆ 'ಒಂಟೋಗ್ಬುಟ್ಟ' ಅಂದ್ರೆ ಏನೂ ತಿಳಿಯಲ್ಲ. ಐಐಎಸ್ಸಿ ಗೂಗಲ್ ಜೊತೆ ಸೇರಿ 'ವಾಣಿ' ಅನ್ನೋ ಯೋಜನೇಲಿ ಜಿಲ್ಲೆ ಜಿಲ್ಲೆಯ ಜನರ ಸಹಜ ಮಾತು ರೆಕಾರ್ಡ್ ಮಾಡ್ತಿರೋದು ಅದಕ್ಕೇ. ಹಳ್ಳಿ ಮಾತು ಕೀಳು ಅಂತ ಬಿಟ್ರೆ ಆ ಮಾತಾಡೋ ರೈತರಿಗೆ ಈ ಸೌಲಭ್ಯಾನೂ ಸಿಗಲ್ಲ.

ನಾನು ಎಲ್ಲಿಂದ ಶುರು ಮಾಡ್ಲಿ?

ಡಿಗ್ರಿ ಬೇಕು ಅಂದ್ರೆ ಯೂನಿವರ್ಸಿಟಿಗಳಿವೆ, 1969ರಲ್ಲಿ ಶುರುವಾದ ಭಾರತೀಯ ಭಾಷಾ ಸಂಸ್ಥಾನ ಮೈಸೂರಲ್ಲೇ ಇದೆ. ಡಿಗ್ರಿ ಬೇಡ, ಆಸಕ್ತಿ ಅಷ್ಟೇ ಅಂದ್ರೆ ಮನೇಲಿರೋ ಹಿರಿಯರಿಂದ ಶುರು ಮಾಡಿ. ಅಜ್ಜಿ ಹತ್ರ ಕೂತು, ರೆಕಾರ್ಡ್ ಮಾಡ್ಲಾ ಅಂತ ಮೊದಲೇ ಕೇಳಿ, ಒಪ್ಪಿದ್ರೆ ಫೋನ್ ಆನ್ ಮಾಡಿ, ಅವ್ರು ಚಿಕ್ಕೋರಿದ್ದಾಗ ಹಬ್ಬಕ್ಕೆ ಏನೇನ್ ಮಾಡ್ತಿದ್ರು ಅಂತ ಮಾತಿಗೆಳೀರಿ. ಭಾಷೆ ಬಗ್ಗೆ ಪ್ರಶ್ನೆ ಕೇಳ್ಬೇಡಿ, ಕೇಳಿದ್ರೆ ಎಲ್ರೂ ಪುಸ್ತಕದ ಕನ್ನಡಕ್ಕೆ ಹೋಗ್ಬಿಡ್ತಾರೆ. ಆಮೇಲೆ ಐದು ನಿಮಿಷದ ಮಾತನ್ನ ಅವ್ರು ಹೇಗೆ ಅಂದ್ರೋ ಹಾಗೇ ಬರ್ಕೊಳ್ಳಿ, ತಿದ್ದಬೇಡಿ, 'ಹಾಲು' ಅಂದಿದ್ರೆ ಹಾಲು, 'ಆಲು' ಅಂದಿದ್ರೆ ಆಲು. ಅದೇ ಐದು ನಿಮಿಷದ ವಿಷಯಾನ ನಿಮ್ಮ ಮಾತಲ್ಲಿ ಹೇಳಿ ಅದನ್ನೂ ಬರ್ಕೊಂಡು ಎರಡನ್ನೂ ಪಕ್ಕಪಕ್ಕ ಇಡಿ. ಎಲ್ಲೆಲ್ಲಿ ಬೇರೆ ಇದೆಯೋ ಅಲ್ಲಿ ಗೆರೆ ಎಳೀರಿ, ಆ ವ್ಯತ್ಯಾಸ ಪ್ರತಿ ಸಲಾನೂ ಬರುತ್ತಾ, ಕೆಲವು ಪದದಲ್ಲಿ ಮಾತ್ರಾನಾ ಅಂತ ಎಣಿಸಿ ನೋಡಿ, ಮುಂದಿನ ವಾರ ಅಜ್ಜಿ ತಂಗಿ ಮನೆಗೆ ಹೋದಾಗ ಅವ್ರ ಮಾತಲ್ಲೂ ಅದೇ ಇದ್ಯಾ ಅಂತ ಕಿವಿಗೊಡಿ.